ಪಕ್ಕದ ಸೀಟು

ನನ್ನ ಕಾರನ್ನು ನಂಬುವ ಹಾಗಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲಾ ಉರಿಯುತ್ತದೆ. ಅದರಷ್ಟು ನಂಬಿಕಸ್ಥ ವಾಹನ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಇವತ್ತು ಹೊರಡುವುದಿಲ್ಲ ಎಂದು ಒಮ್ಮೆ ತೀರ್ಮಾನಿಸಿತೆಂದರೆ ಮುಗಿಯಿತು, ಅದು ಕೊಟ್ಟ ಮಾತಿಗೆ ತಪ್ಪಿದ್ದೇ ಇಲ್ಲ.

ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ನನಗಿಂತ ಮೂರು ವರ್ಷ ದೊಡ್ಡದು. ಹಲ್ಲಿನ ಡಾಕ್ಟರೊಬ್ಬರ ಶೆಡ್ಡಿನಲ್ಲಿ ಕೋಳಿಗಳು ಅದರೊಳಗೆ ಮೊಟ್ಟೆಯಿಡುತ್ತಿದ್ದವು. ಕೋಳಿಗಳನ್ನು ಇಳಿಸಿ ಅದನ್ನು ಲಾರಿಯ ಮೇಲೆ ಮನೆಗೆ ತಂದ ದಿನ ಬೀದಿಯವರೆಲ್ಲಾ ಗೇಟಿಗೆ ಬಂದು ನಿಂತು ನೋಡಿದರು. 'ಒಂದು ವರ್ಷ ಕೊಡಿ, ಇದನ್ನು ನಾನೇ ಕೈಯಾರೆ ಓಡಿಸಿ ತೋರಿಸುತ್ತೇನೆ' ಎಂದು ಎಲ್ಲರ ಎದುರಿಗೆ ಘೋಷಿಸಿಬಿಟ್ಟೆ. ಘೋಷಿಸು ಎಂದು ಯಾರೂ ಕೇಳಿರಲಿಲ್ಲ. ಆದರೂ ಘೋಷಿಸಿದೆ.

ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಜನ ಬರೆದುಕೊಟ್ಟ ಅರ್ಜಿಗಳ ಕೆಳಗೆ 'ಪರಿಶೀಲಿಸಲಾಗಿದೆ, ದೋಷ ಕಂಡುಬಂದಿಲ್ಲ' ಎಂದು ಬರೆದು, ಕಟ್ಟು ಕಟ್ಟಿ, ಬೀರುವಿಗೆ ಸೇರಿಸುವುದು ನನ್ನ ಕೆಲಸ. ಇಪ್ಪತ್ತಮೂರು ವರ್ಷದಿಂದ ಇದನ್ನು ಮಾಡಿದವನಿಗೆ ಒಂದು ಎಂಜಿನ್ ಯಾವ ಲೆಕ್ಕ ಅಂದುಕೊಂಡಿದ್ದೆ.

ಲೆಕ್ಕ ತಪ್ಪಿತು. ಆ ಎಂಜಿನ್‌ಗೆ ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಕಾರ್ಬ್ಯುರೇಟರ್ ಎರಡು. ಆಸ್ತಿ ಭಾಗವಾದ ಅಣ್ಣತಮ್ಮಂದಿರ ಹಾಗೆ ಒಂದಕ್ಕೊಂದು ಮುಖ ಕೊಟ್ಟು ಮಾತಾಡುವುದಿಲ್ಲ. ಒಂದು ರಬ್ಬರ್ ಕೊಳವೆಯನ್ನು ಕಿವಿಗಿಟ್ಟುಕೊಂಡು ಎರಡರ ಉಸಿರನ್ನೂ ಕೇಳಿ ಸಮ ಮಾಡಬೇಕು. ಒಂದನ್ನು ಸರಿಮಾಡಿ ಇನ್ನೊಂದರ ಕಡೆ ತಿರುಗುವಷ್ಟರಲ್ಲಿ ಮೊದಲನೆಯದು ಮನಸ್ಸು ಬದಲಾಯಿಸಿರುತ್ತದೆ. ಬೋಲ್ಟುಗಳೆಲ್ಲಾ ಇಂಚಿನ ಅಳತೆ, ನನ್ನ ಸ್ಪ್ಯಾನರುಗಳೆಲ್ಲಾ ಮಿಲಿಮೀಟರು. ಎಣ್ಣೆ ಹಾಕಿದ್ದು ಮೇಲಿನಿಂದ, ಕಂಡದ್ದು ಕೆಳಗೆ ನೆಲದ ಮೇಲೆ. ಎಂಜಿನ್ ಅನ್ನು ಮೂರು ಸಲ ಪೂರ್ತಿ ಬಿಚ್ಚಿ ಮೂರು ಸಲ ಕಟ್ಟಿದೆ. ಪ್ರತಿ ಸಲವೂ ಕಟ್ಟಿ ಮುಗಿದ ಮೇಲೆ ಒಂದಷ್ಟು ನಟ್ಟುಗಳು ಉಳಿದವು. ಅವುಗಳಿಗೆ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟೆ. ಡಬ್ಬಿ ತುಂಬಿದ ತಿಂಗಳು ಎಂಜಿನ್ ಸ್ಟಾರ್ಟ್ ಆಯಿತು.

ಪೆಟ್ರೋಲ್ ಪಂಪಿನ ವಿಷಯವನ್ನು ಮಾತ್ರ ಹೇಳಲೇಬೇಕು, ಏಕೆಂದರೆ ನನ್ನ ಬುದ್ಧಿವಂತಿಕೆಗೆ ಅದೇ ಸಾಕ್ಷಿ. ಈ ಕಾರಿನ ಪಂಪು ಕರೆಂಟಿನದು, ಇರುವುದು ಹಿಂದೆ, ಡಿಕ್ಕಿಯ ಕೆಳಗೆ. ಕೀ ತಿರುಗಿಸಿದ ಕೂಡಲೇ ಅದು 'ಟಿಕ್ ಟಿಕ್ ಟಿಕ್' ಎನ್ನುತ್ತಾ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಹೋಗುವ ವೈರನ್ನು ಇಲಿ ತಿಂದಿತ್ತು. ಹೊಸ ವೈರ್ ಎಳೆಯಲು ಡ್ಯಾಶ್‌ಬೋರ್ಡು ಬಿಚ್ಚಬೇಕು, ಕಾರ್ಪೆಟ್ಟು ಕೀಳಬೇಕು, ಮೂರು ದಿನದ ಕೆಲಸ ಎಂದು ಕಾರಿನ ಪುಸ್ತಕದಲ್ಲಿ ಬರೆದಿತ್ತು. ನಾನು ಒಂದು ಭಾನುವಾರ ಊಟವಾದ ಮೇಲೆ ಮುಕ್ಕಾಲು ಗಂಟೆಯಲ್ಲಿ ಮುಗಿಸಿದೆ. ವೈರ್ ಒಂದು ಮೊಳ ಸಾಲದೆ ಬಂತು, ಇನ್ನೊಂದು ತುಂಡನ್ನು ಹೊಸೆದು ಸೇರಿಸಿದೆ. ಟೇಪು ಖಾಲಿಯಾಗಿತ್ತು, ಜೇಬಿನಲ್ಲಿ ಕಚೇರಿಯ ಫೈಲು ಕಟ್ಟುವ ಕೆಂಪು ದಾರವಿತ್ತು. ಅದರಲ್ಲೇ ಬಿಗಿದು ಪಕ್ಕದ ಸೀಟಿನ ಕೆಳಗೆ ತಳ್ಳಿಬಿಟ್ಟೆ. ಪುಸ್ತಕ ಬರೆದವರಿಗೆ ಇದೆಲ್ಲಾ ಎಲ್ಲಿ ಹೊಳೆಯಬೇಕು?

ಇನ್ನು ಪಕ್ಕದ ಸೀಟಿನ ವಿಷಯ. ನನ್ನ ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಹನ್ನೊಂದು ವರ್ಷದಿಂದ ಅವಳ ಸಂಪಾದನೆಯೆಲ್ಲಾ ಪಕ್ಕದ ಸೀಟಿನಲ್ಲಿ ಕೂತೇ ಬಂದದ್ದು. ಕಲಿಯುವವರು ಎಡಕ್ಕೆ ಅಂದರೆ ಬಲಕ್ಕೆ ತಿರುಗಿಸುತ್ತಾರೆ, ಬ್ರೇಕ್ ಅಂದರೆ ಆಕ್ಸಿಲರೇಟರ್ ಒತ್ತುತ್ತಾರೆ. ಇವಳು ಏರಿದ ದನಿಯಲ್ಲಿ ಒಂದು ಮಾತೂ ಆಡದೆ ತನ್ನ ಕಾಲ ಕೆಳಗಿನ ಎರಡನೇ ಬ್ರೇಕನ್ನು ಒತ್ತಿ, 'ಪರವಾಗಿಲ್ಲ, ಇನ್ನೊಂದ್ಸಲ' ಎನ್ನುತ್ತಾಳೆ. ನಮ್ಮ ಊರಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧ ಜನ ಅವಳ ಶಿಷ್ಯರೇ. ಹೊಳೆಯಾಚೆ ಸ್ಕೂಲಿನ ಹೊಸ ಶಾಖೆ ತೆರೆಯುವುದಿತ್ತು. ಅದನ್ನು ಇವಳ ಕೈಗೇ ಕೊಡುತ್ತೇನೆಂದು ಮಾಲೀಕರು ಮಾತು ಕೊಟ್ಟಿದ್ದರು. ಅವಳು ಆ ಶಾಖೆಯ ಬೋರ್ಡು ಯಾವ ಬಣ್ಣದ್ದಿರಬೇಕು ಎಂದು ಕೂಡ ಯೋಚಿಸಿ ಇಟ್ಟುಕೊಂಡಿದ್ದಳು.

ಕಾರು ಸಿದ್ಧವಾದ ಮೊದಲ ಭಾನುವಾರ ಇಬ್ಬರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೊರಟೆವು. ಅವಳು ಕೂತಳು. ನಾನು ಕೀ ತಿರುಗಿಸಿದೆ. ಕಾರು ಗುಡುಗಿ ಹೊರಟಿತು. ತಿರುವಿನ ಔಷಧಿ ಅಂಗಡಿಯವರೆಗೆ ಹೋಗಿ ಎರಡು ಸಲ ಕೆಮ್ಮಿ ನಿಂತಿತು. ಮತ್ತೆ ಕೀ ತಿರುಗಿಸಿದರೂ ಏಳಲಿಲ್ಲ.

"ರೀ, ಕೀ ತಿರುಗಿಸ್ದಾಗ ಹಿಂದಿನಿಂದ ಟಿಕ್ ಟಿಕ್ ಅಂತ ಬರತ್ತಲ್ಲ, ಅದು ಈಗ ಬರ್ಲಿಲ್ಲ ಕಣ್ರೀ" ಎಂದಳು.

"ನೀನು ಪಾಠ ಹೇಳೋದು ಓಡೋ ಗಾಡೀಲಿ. ಇದು ಎಂಜಿನ್ ವಿಷಯ. ಸುಮ್ನೆ ಇಳಿದು ಒಂದು ಕೈ ತಳ್ಳು."

ಇಳಿದು ತಳ್ಳಿದಳು. ನಾನು ಕೀ ತಿರುಗಿಸಿದೆ. ತಕ್ಷಣ ಸ್ಟಾರ್ಟ್ ಆಯಿತು. ಅಷ್ಟರಲ್ಲಿ ನಮ್ಮ ಎದುರುಮನೆಯ ಪೋಸ್ಟ್‌ಮಾಸ್ಟರು ಬಂದರು. ಅವರು ನಿವೃತ್ತರಾಗಿ ಆರು ವರ್ಷವಾಗಿದೆ, ಆದರೆ ಊರಿನ ಸುದ್ದಿ ಹಂಚುವ ಕೆಲಸಕ್ಕೆ ಇನ್ನೂ ರಾಜೀನಾಮೆ ಕೊಟ್ಟಿಲ್ಲ.

"ಏನ್ರೀ, ಎಂಜಿನ್ ಕೈ ಕೊಡ್ತಾ?" ಎಂದರು.

ನಾನು ಮುಚ್ಚಿಡುವುದಿಲ್ಲ, ನನಗೆ ಅವಮಾನವಾಯಿತು. "ಎಂಜಿನ್‌ನಲ್ಲಿ ಕೂದಲಷ್ಟೂ ದೋಷ ಇಲ್ಲ ಸಾರ್. ಇವಳು ಕೂತ್ರೆ ನಿಲ್ಲತ್ತೆ, ಇಳಿದ್ರೆ ಓಡತ್ತೆ. ಅದಕ್ಕೆ ನಾನೇನು ಮಾಡ್ಲಿ?"

ಅವರು ನಕ್ಕರು. ನಾನು ನಕ್ಕೆ. ಕೈಗಂಟಿದ ಧೂಳು ಒರೆಸಿಕೊಳ್ಳುತ್ತಾ ಅವಳೂ ನಕ್ಕಳು. ಅವಳೂ ನಕ್ಕಳು ಎನ್ನುವುದನ್ನು ದಯವಿಟ್ಟು ಎಲ್ಲರೂ ಗಮನಿಸಬೇಕು.

ಮುಂದಿನ ಭಾನುವಾರವೂ ಹಾಗೇ ಆಯಿತು. ಅದರ ಮುಂದಿನದೂ ಹಾಗೇ. ನಾನೊಬ್ಬನೇ ಹೋದರೆ ಹಾಲಿನಂಗಡಿ, ರೈಲ್ವೆ ಗೇಟು, ಕಚೇರಿ, ಎಲ್ಲಿಗೆ ಬೇಕಾದರೂ ಓಡುತ್ತಿತ್ತು. ಅವಳು ಕೂತರೆ ಔಷಧಿ ಅಂಗಡಿ ದಾಟುತ್ತಿರಲಿಲ್ಲ. ನಾಲ್ಕನೇ ಭಾನುವಾರದ ಹೊತ್ತಿಗೆ ನೆರೆಯವರು ಕಾಂಪೌಂಡಿಗೆ ಕುರ್ಚಿ ತಂದು ಹಾಕಿಕೊಂಡು ಕೂತಿದ್ದರು.

ಬೇರೆ ಯಾರನ್ನಾದರೂ ಕೂರಿಸಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳುವುದು ಸುಲಭ. ಪೋಸ್ಟ್‌ಮಾಸ್ಟರಿಗೆ ಮಂಡಿನೋವು, ಅಷ್ಟು ಕೆಳಗೆ ಕೂತರೆ ಎಬ್ಬಿಸಲು ಮೂರು ಜನ ಬೇಕು. ನನ್ನಕ್ಕ 'ಅದರಲ್ಲಿ ಕೂರೋದೂ ಒಂದೇ, ಬಾವಿಗಿಳಿಯೋದೂ ಒಂದೇ' ಎಂದುಬಿಟ್ಟಳು. ಕೊನೆಗೆ ಗ್ಯಾರೇಜಿನ ಹಳೇ ಮೇಸ್ತ್ರಿಯನ್ನು ಕರೆಸಿದೆ. ಅವನು ಒಬ್ಬನೇ ಕೂತು ಊರೆಲ್ಲಾ ಸುತ್ತಿ ಬಂದು ಕೀ ಕೈಗಿಟ್ಟ.

"ಗಾಡಿ ಕುದುರೆ ಥರ ಇದೆ ಸ್ವಾಮಿ."

"ಇವಳು ಕೂತ್ರೆ ನಿಲ್ಲತ್ತಪ್ಪಾ."

ಮೇಸ್ತ್ರಿ ನನ್ನ ಹೆಂಡತಿಯನ್ನು ಒಂದು ಸಲ ನೋಡಿದ, ತನ್ನ ಚೀಲವನ್ನು ಒಂದು ಸಲ ನೋಡಿದ. "ಅದಕ್ಕೆ ನನ್ನ ಹತ್ರ ಸ್ಪ್ಯಾನರ್ ಇಲ್ಲ."

ಈ ಮಾತು ಪೋಸ್ಟ್‌ಮಾಸ್ಟರ ಕಿವಿಗೆ ಬಿತ್ತು. ಅಲ್ಲಿಂದ ಮುಂದೆ ನಾನು ಏನೂ ಮಾಡಬೇಕಾಗಲಿಲ್ಲ. ತಮಾಷೆಯೆಂದು ಹೊರಟ ಮಾತು ಮೂರು ಬೀದಿ ಸುತ್ತಿ ಬರುವಾಗ ತಮಾಷೆಯನ್ನು ಎಲ್ಲೋ ಬೀಳಿಸಿಕೊಂಡು ಬಂತು. ಆಕೆಯ ಕಾಲ್ಗುಣ ಸರಿಯಿಲ್ಲವಂತೆ ಎಂದು ಹಾಲಿನಂಗಡಿಯಲ್ಲಿ ಕೇಳಿದೆ. ಮೇಸ್ತ್ರಿಯೇ ಕೈಮುಗಿದು ಓಡಿಹೋದನಂತೆ ಎಂದು ಕಚೇರಿಯಲ್ಲಿ ಕೇಳಿದೆ. ಅಕ್ಕ ಮನೆಗೇ ಬಂದಳು.

"ನಾನು ಮೊದಲೇ ಅಂದುಕೊಂಡಿದ್ದೆ ಕಣೋ. ಇವಳು ಈ ಮನೆಗೆ ಕಾಲಿಟ್ಟ ವರ್ಷವೇ ನಮ್ಮ ಮಿಕ್ಸಿ ಸುಟ್ಟುಹೋಯ್ತು."

"ಅತ್ತಿಗೆ, ಅದು ನಿಮ್ಮ ಮನೇಲಿದ್ದ ಮಿಕ್ಸಿ. ನಾನು ಆವಾಗ ನಿಮ್ಮ ಮನೆ ನೋಡಿರ್ಲೇ ಇಲ್ಲ" ಎಂದಳು ನನ್ನ ಹೆಂಡತಿ.

"ನೋಡ್ದೇನೇ ಸುಟ್ಟಿತಲ್ಲಮ್ಮಾ, ಅದನ್ನೇ ನಾನು ಹೇಳ್ತಿರೋದು" ಎಂದಳು ಅಕ್ಕ.

ನನಗೆ ನಗು ಬಂತು. ಹೆಂಡತಿಗೆ ಬರಲಿಲ್ಲ. ಏಕೆ ಬರಲಿಲ್ಲ ಎನ್ನುವುದು ಆ ತಿಂಗಳ ಕೊನೆಗೆ ತಿಳಿಯಿತು. ಡ್ರೈವಿಂಗ್ ಸ್ಕೂಲಿಗೆ ಹೊಸದಾಗಿ ಸೇರುವವರು 'ಬೇರೆ ಮೇಡಂ ಇಲ್ವಾ?' ಎಂದು ಕೇಳತೊಡಗಿದ್ದರು. ಒಬ್ಬರು ಮಗಳನ್ನು ಸೇರಿಸಿ ಮರುದಿನ ಬಿಡಿಸಿಕೊಂಡು ಹೋದರು. ಇನ್ನೊಬ್ಬರು ಇವಳು ಬಾಗಿಲು ತೆರೆದು ಕೂತ ಕೂಡಲೇ ಆಚೆ ಬಾಗಿಲಿನಿಂದ ಇಳಿದುಬಿಟ್ಟರು. ಮಾಲೀಕರು ಒಳ್ಳೆಯವರೇ, ಆದರೆ ವ್ಯಾಪಾರಸ್ಥರು. 'ಸ್ವಲ್ಪ ದಿನ ಒಳಗಡೆ ಕೂತು ಟ್ರಾಫಿಕ್ ಚಿಹ್ನೆಗಳ ಪಾಠ ಮಾಡಿ ಮೇಡಂ, ಬಿಸಿ ಆರಲಿ' ಎಂದರು. ಹೊಳೆಯಾಚೆಯ ಶಾಖೆಯ ಮಾತೆತ್ತುವುದನ್ನು ನಿಲ್ಲಿಸಿದರು.

ಅವತ್ತು ಸಂಜೆ ನಾನು ಕಾರ್ಬ್ಯುರೇಟರ್‌ಗೆ ಕಿವಿಗೊಟ್ಟು ಕೂತಿದ್ದಾಗ ಅವಳು ಶೆಡ್ಡಿಗೆ ಬಂದಳು.

"ಒಂದೇ ಒಂದು ಮಾತು ಬಂದು ಹೇಳ್ಬೇಕು ನೀವು. ತಪ್ಪು ಗಾಡೀದು, ಅವಳದಲ್ಲ ಅಂತ. ನಮ್ಮ ಓನರ್ ಮುಂದೆ, ನಾಲ್ಕು ಜನ ಕೇಳೋ ಹಾಗೆ."

"ಅಷ್ಟೇ ತಾನೇ? ನಾಳೆ ಬೆಳಿಗ್ಗೆನೇ ಬರ್ತೀನಿ ಬಿಡು."

"ಮರೀಬೇಡಿ. ಹನ್ನೊಂದು ವರ್ಷದ ಕೆಲಸ ರೀ ಅದು. ನನಗಿರೋದು ಅದೊಂದೇ."

ಮರೆಯಲಿಲ್ಲ. ಕಾರಿನಲ್ಲೇ ಹೋದೆ. ಅಲ್ಲೇ ಎಡವಟ್ಟಾಯಿತು, ಬಸ್ಸಿನಲ್ಲಿ ಹೋಗಬೇಕಿತ್ತು. ಸ್ಕೂಲಿನ ಮುಂದೆ ಕಾರು ನಿಲ್ಲಿಸುತ್ತಿದ್ದಂತೆ ಕಲಿಯುವವರೆಲ್ಲಾ ಹೊರಗೆ ಓಡಿಬಂದು ಸುತ್ತ ನಿಂತರು. ಒಬ್ಬ ಬಾನೆಟ್ಟನ್ನು ಬೆರಳಿನಿಂದ ಸವರಿದ. ಮಾಲೀಕರು ಕನ್ನಡಕ ಏರಿಸಿಕೊಂಡು ಬಂದು ಎಂಜಿನ್ ಸದ್ದನ್ನು ಕಣ್ಣು ಮುಚ್ಚಿ ಕೇಳಿದರು.

"ಆಹಾ! ಇದನ್ನ ನೀವೇ ಕೈಯಾರೆ ಕಟ್ಟಿದ್ದಾ ಸಾರ್?"

"ನಾನೇ. ಮೂರು ಸಲ."

"ಏನ್ ಕೆಲಸ ಸಾರ್, ಏನ್ ಕೆಲಸ! ಹೊರಗಿನ ಮೆಕ್ಯಾನಿಕ್ ಕೈಲೂ ಆಗ್ತಿರ್ಲಿಲ್ಲ." ಆಮೇಲೆ ದನಿ ತಗ್ಗಿಸಿದರು, ಆದರೆ ತಗ್ಗಿಸಿದ ದನಿಯೂ ಎಲ್ಲರಿಗೂ ಕೇಳಿಸುವಂಥದ್ದು. "ಮೇಡಂ ಹೇಳಿದ್ರು, ಇದರಲ್ಲೇ ಏನೋ ತಪ್ಪಿದೆ ಅಂತ. ಹೌದಾ? ನಿಮ್ಮ ಕೆಲಸದಲ್ಲೇ ತಪ್ಪಾಗಿದೆಯಾ?"

ಹದಿನೈದು ಜೊತೆ ಕಣ್ಣು ನನ್ನ ಮೇಲೆ. ಹೌದು ಎಂಬುದು ಎರಡೇ ಅಕ್ಷರ. ಆದರೆ ನನ್ನ ನಾಲಿಗೆಗೆ ಇಪ್ಪತ್ತಮೂರು ವರ್ಷದಿಂದ ಅಭ್ಯಾಸವಾದದ್ದು ತಾನಾಗಿ ಹೊರಗೆ ಬಂತು.

"ಪರಿಶೀಲಿಸಲಾಗಿದೆ" ಎಂದೆ. "ದೋಷ ಕಂಡುಬಂದಿಲ್ಲ."

ಕಿಟಕಿಯೊಳಗೆ ಅವಳು ಕೈಯಲ್ಲಿ ಕೋಲು ಹಿಡಿದು ಚಿಹ್ನೆಗಳ ಹಲಗೆಯ ಪಕ್ಕ ನಿಂತಿದ್ದಳು. ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹಲಗೆಯ ಕಡೆ ತಿರುಗಿ, ಒಳಗೆ ಉಳಿದಿದ್ದ ಒಬ್ಬಳೇ ಹುಡುಗಿಗೆ ಪಾಠ ಮುಂದುವರಿಸಿದಳು. ಮನೆಗೆ ಬಂದ ಮೇಲೂ ಆ ವಿಷಯ ಎತ್ತಲಿಲ್ಲ. ಜಗಳವಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದೆ. ಊಟಕ್ಕೆ ಬಡಿಸಿದಳು, ನೀರಿಟ್ಟಳು, ಮಲಗಿದಳು. ಅವತ್ತಿನಿಂದ ಅವಳು ಶೆಡ್ಡಿನ ಕಡೆ ಬರಲಿಲ್ಲ, ನಾನೂ ಕರೆಯಲಿಲ್ಲ.

ಹೀಗೆ ಐದು ತಿಂಗಳು ಕಳೆಯಿತು. ಕಾರಿಗೆ ಸರ್ಕಾರದ ಯೋಗ್ಯತಾ ಪತ್ರ ಬೇಕಾಗಿತ್ತು. ಹಳೆಯ ವಾಹನ ರಸ್ತೆಯಲ್ಲಿ ಓಡಲು ಲಾಯಕ್ಕಾಗಿದೆಯೇ ಎಂದು ಸಾರಿಗೆ ಕಚೇರಿಯ ಇನ್‌ಸ್ಪೆಕ್ಟರು ಪರೀಕ್ಷೆ ಮಾಡಬೇಕು. ತಲೆಗೂದಲು ಬಾಚಿಕೊಂಡು ಹೋದೆ. ಇನ್‌ಸ್ಪೆಕ್ಟರು ಮೂವರಿಗಾಗುವಷ್ಟಿದ್ದರು. ಅವರು ಒಂದು ಕಾಲು ಒಳಗಿಟ್ಟು, ಉಸಿರು ಬಿಗಿಹಿಡಿದು, ಧೊಪ್ಪನೆ ಪಕ್ಕದ ಸೀಟಿನಲ್ಲಿ ಬಿದ್ದರು. ಸೀಟಿನ ಸ್ಪ್ರಿಂಗುಗಳು ಕಿರುಗುಟ್ಟಿದವು.

"ಹೂಂ, ನಡೀರಿ."

ಮೈದಾನದಲ್ಲಿ ಒಂದು ಸುತ್ತು ಮುಗಿಯಲಿಲ್ಲ. ಕಾರು ಎರಡು ಸಲ ಕೆಮ್ಮಿ ನಿಂತಿತು. ಆ ಕೆಮ್ಮು ನನಗೆ ಚೆನ್ನಾಗಿ ಗೊತ್ತು.

"ಸಾರ್, ನೀವು ಒಂದು ನಿಮಿಷ ಇಳಿದ್ರೆ..."

"ಯಾಕ್ರೀ ಇಳೀಬೇಕು? ಹತ್ತೋಕೇ ಹತ್ತು ನಿಮಿಷ ಆಯ್ತು."

"ಸುಮ್ನೆ ಸಾರ್. ಒಂದ್ಸಲ."

ಗೊಣಗುತ್ತಾ ಇಳಿದರು. ಕೀ ತಿರುಗಿಸಿದೆ. ಟಿಕ್ ಟಿಕ್ ಟಿಕ್. ಕಾರು ಸ್ಟಾರ್ಟ್ ಆಯಿತು. ಮತ್ತೆ ಕೂತರು. ಎರಡು ನಿಮಿಷಕ್ಕೆ ನಿಂತಿತು. ಸರದಿಯಲ್ಲಿ ನಿಂತ ಲಾರಿ ಡ್ರೈವರುಗಳು ಶಿಳ್ಳೆ ಹಾಕತೊಡಗಿದರು. ಇನ್‌ಸ್ಪೆಕ್ಟರಿಗೆ ಕಾಲ್ಗುಣ ಎಂಬುದೊಂದು ಇದೆಯೆಂದು ಯಾರೂ ಹೇಳಿರಲಿಲ್ಲವೋ ಏನೋ, ಅವರು ಇಳಿದು ಮಂಡಿಯೂರಿ ಸೀಟಿನ ಕೆಳಗೆ ಕೈ ಹಾಕಿದರು. ತಡಕಾಡಿ ಒಂದು ವೈರು ಹೊರಗೆಳೆದರು. ಹೊಸೆದ ತುದಿಗಳು ಅರ್ಧ ಬಿಟ್ಟುಕೊಂಡಿದ್ದವು. ಸುತ್ತ ಕೆಂಪು ದಾರ.

"ಕೂತಾಗ ಸೀಟು ಇದನ್ನ ಒತ್ತಿ ಎಳೆಯತ್ತೆ, ಪಂಪಿಗೆ ಕರೆಂಟು ಹೋಗಲ್ಲ, ಮುಂದೆ ಇದ್ದಷ್ಟು ಪೆಟ್ರೋಲು ಮುಗಿದ ಕೂಡ್ಲೆ ನಿಲ್ಲತ್ತೆ. ಎದ್ದರೆ ಮತ್ತೆ ತಾಗತ್ತೆ. ಯಾವ ಬೃಹಸ್ಪತಿ ಮಾಡಿದ್ದು ಇದು?"

"ಹಿಂದಿನ ಓನರ್ ಸಾರ್. ಹಲ್ಲಿನ ಡಾಕ್ಟರು."

"ಹಲ್ಲಿನ ಡಾಕ್ಟರಿಗೆ ಸರ್ಕಾರಿ ಫೈಲಿನ ದಾರ ಎಲ್ಲಿಂದ ಬಂತ್ರೀ?"

ನಾನು ಕಾರನ್ನು ಗೇಟಿನ ಕಡೆ ತಿರುಗಿಸಿದೆ. ಸಾರಿಗೆ ಕಚೇರಿಯ ಗೇಟಿನ ಹೊರಗೆ ಒಬ್ಬ ವೈರಿಂಗಿನವನು ಮರದ ಕೆಳಗೆ ಕೂತಿರುತ್ತಾನೆ. ಅವನು ದಾರ ಕತ್ತರಿಸಿ ಎಸೆದು, ತುದಿಗಳನ್ನು ಬೆಸುಗೆ ಹಾಕಿ, ಟೇಪು ಸುತ್ತಿ, ಸೀಟಿನಿಂದಾಚೆ ಸರಿಸಿ ಕಟ್ಟಿದ. ಹತ್ತು ನಿಮಿಷ ಹಿಡಿಯಿತು. ಯೋಗ್ಯತಾ ಪತ್ರವೂ ಸಿಕ್ಕಿತು, ಕಾರಿಗೆ.

ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದೆ. ಯಾರಿಗೂ ಗೊತ್ತಾಗಿಲ್ಲ. ಹೇಳಿ ಮರ್ಯಾದೆ ಕಳೆದುಕೊಳ್ಳುವುದೇಕೆ? ಅವಳನ್ನು ಕೂರಿಸಿಕೊಂಡು ಬೀದಿಯ ತುಂಬ ನಾಲ್ಕು ಸಲ ಸುತ್ತಿದರೆ ಜನರ ಬಾಯಿ ತಾನಾಗಿ ಮುಚ್ಚುತ್ತದೆ. ಅವಳಿಗೆ ಕೆಲಸ ಸಿಗುತ್ತದೆ, ನನ್ನ ಹೆಸರೂ ಉಳಿಯುತ್ತದೆ. ಇದಕ್ಕಿಂತ ನ್ಯಾಯವಾದ ತೀರ್ಮಾನ ನನಗೆ ಹೊಳೆಯಲಿಲ್ಲ. ಮನೆಯೊಳಗೆ ಹೋಗಿ, "ಬಾ, ಒಂದು ಸುತ್ತು ಹೋಗಿಬರೋಣ. ಇವತ್ಯಾಕೋ ನಿಲ್ಲಲ್ಲ ಅನ್ಸತ್ತೆ" ಎಂದೆ.

ಅವಳು ಸೀರೆ ಮಡಿಚುತ್ತಿದ್ದಳು. ಮಂಚದ ಮೇಲೆ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು.

"ಬರ್ತೀನಿ. ಇದನ್ನೂ ಹಿಂದೆ ಇಡಿ" ಎಂದಳು. "ಬಸ್ ಸ್ಟ್ಯಾಂಡಿಗೆ ಬಿಟ್ಟರೆ ಸಾಕು. ಐದೂವರೆ ಬಸ್ಸು."

ಆರು ಗಂಟೆಯ ದಾರಿಯ ಇನ್ನೊಂದು ಊರಿನ ಡ್ರೈವಿಂಗ್ ಸ್ಕೂಲಿನಲ್ಲಿ ಕೆಲಸ ಸಿಕ್ಕಿತ್ತು. ಹದಿನೈದು ದಿನದ ಹಿಂದೆಯೇ ಪತ್ರ ಬಂದಿತ್ತಂತೆ. ನನಗೆ ಹೇಳಬೇಕೆಂದು ಎರಡು ಸಲ ಶೆಡ್ಡಿನ ಬಾಗಿಲವರೆಗೆ ಬಂದಿದ್ದಳಂತೆ, ನಾನು ಕಿವಿಗೆ ಕೊಳವೆ ಇಟ್ಟುಕೊಂಡಿದ್ದೆನಂತೆ.

ಸೂಟ್‌ಕೇಸು ಹೊತ್ತು ಡಿಕ್ಕಿಯಲ್ಲಿಟ್ಟೆ. ಅವಳು ಬಂದು ಪಕ್ಕದ ಸೀಟಿನಲ್ಲಿ ಕೂತಳು. ಕೀ ತಿರುಗಿಸಿದೆ.

ಟಿಕ್ ಟಿಕ್ ಟಿಕ್ ಟಿಕ್.

ಅವಳು ತಲೆ ಓರೆ ಮಾಡಿ ಕೇಳಿಸಿಕೊಂಡಳು. ನಾನು ಕೀಯನ್ನು ಪೂರ್ತಿ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಕೈ ತಡೆದೆ.

"ಎಲ್ಲಿ ಕಿತ್ತುಹೋಗಿತ್ತು?" ಎಂದು ಕೇಳಿದಳು.

"ಸೀಟ್ ಕೆಳಗೆ. ವೈರು."

"ಯಾರು ಹಾಕಿದ್ದು?"

"ನಾನೇ."

"ಯಾರಿಗೆ ಹೇಳಿದ್ರಿ?"

"ಇನ್ನೂ ಯಾರಿಗೂ ಇಲ್ಲ."

"ಹೂಂ" ಎಂದಳು. "ನಡೀರಿ, ಬಸ್ಸಿಗೆ ಹೊತ್ತಾಗತ್ತೆ."

ಗೇಟು ದಾಟುವಾಗ ಪೋಸ್ಟ್‌ಮಾಸ್ಟರು ಎದುರು ನಿಂತು ಕೈ ಬೀಸಿದರು. ಅವಳು ನನ್ನ ಮುಖ ನೋಡಿದಳು. ನಿಲ್ಲಿಸಿ ಹೇಳಬೇಕಿತ್ತು. ನಾನೂ ಕೈ ಬೀಸಿ ಮುಂದೆ ಹೋದೆ. ಅವಳು ಮುಖ ತಿರುಗಿಸಿದಳು.

ಔಷಧಿ ಅಂಗಡಿ ಬಂತು. ನನ್ನ ಜೀವಮಾನದಲ್ಲಿ ಮೊದಲ ಸಲ ಆ ಕಾರು ನಿಂತುಬಿಡಲಿ ಎಂದು ಬೇಡಿಕೊಂಡೆ. ಕೆಮ್ಮು ಮಾರಾಯ, ಒಂದೇ ಒಂದು ಸಲ ಕೆಮ್ಮು, ತಳ್ಳುವ ನೆಪದಲ್ಲಿ ಇಳಿಯುತ್ತೇನೆ, ಬಸ್ಸು ಹೋಗಿಬಿಡಲಿ, ನಾನು ಎಲ್ಲವನ್ನೂ ಹೇಳುತ್ತೇನೆ ಎಂದುಕೊಂಡೆ. ಎರಡು ಕಾರ್ಬ್ಯುರೇಟರ್‌ಗಳೂ ಒಂದೇ ತಾಯಿಯ ಮಕ್ಕಳ ಹಾಗೆ ಉಸಿರಾಡುತ್ತಿದ್ದವು. ರೈಲ್ವೆ ಗೇಟು ಕೂಡ ತೆರೆದೇ ಇತ್ತು. ಬಸ್ಸಿಗೆ ಇನ್ನೂ ಹದಿನೈದು ನಿಮಿಷವಿರುವಾಗಲೇ ನಮ್ಮನ್ನು ಬಸ್ ಸ್ಟ್ಯಾಂಡಿಗೆ ತಲುಪಿಸಿತು, ದರಿದ್ರದ್ದು.

"ಯಾವಾಗ ಬರ್ತೀಯಾ?" ಎಂದೆ.

"ಮೊದಲು ಹೋಗ್ತೀನಿ" ಎಂದಳು. ಸೂಟ್‌ಕೇಸು ತೆಗೆದುಕೊಂಡವಳು ಕಿಟಕಿಯ ಹತ್ತಿರ ಬಗ್ಗಿದಳು. "ಗೇರ್ ಬದಲಾಯಿಸ್ವಾಗ ಕ್ಲಚ್ ಪೂರ್ತಿ ಒತ್ತಿ. ನೀವು ಅರ್ಧಕ್ಕೇ ಬಿಡ್ತೀರಿ. ಸ್ಕೂಟರಿನಲ್ಲೂ ಹಾಗೇ. ಮದುವೆಯಾದ ಹದಿನಾಲ್ಕು ವರ್ಷದಿಂದ ಹೇಳ್ಬೇಕು ಅಂತಿದ್ದೆ."

ಬಸ್ಸು ಕೂಡ ಹೊತ್ತಿಗೆ ಸರಿಯಾಗಿ ಬಂತು. ಕ್ಲಚ್ಚನ್ನು ಪೂರ್ತಿ ಒತ್ತುತ್ತಾ ಮನೆಗೆ ಬಂದೆ. ಪೋಸ್ಟ್‌ಮಾಸ್ಟರು ಗೇಟಿನ ಹತ್ತಿರ ಕಾಯುತ್ತಲೇ ಇದ್ದರು.

"ಏನ್ರೀ ಆಶ್ಚರ್ಯ! ಅವರು ಕೂತಿದ್ರೂ ಓಡ್ತಲ್ರೀ ಇವತ್ತು!"

ಕಾರಿನಿಂದ ಇಳಿದೆ. ಬೀದಿಗೆಲ್ಲಾ ಕೇಳಿಸುವ ಹಾಗೆ ಹೇಳಿದೆ. "ಸಾರ್, ಕೇಳಿ. ತಪ್ಪು ನಂದು. ಸೀಟ್ ಕೆಳಗೆ ನಾನು ವೈರು ಸರಿಯಾಗಿ ಜೋಡಿಸಿರ್ಲಿಲ್ಲ. ಯಾರು ಕೂತಿದ್ರೂ ನಿಲ್ತಿತ್ತು. ಅವಳದು ಎಳ್ಳಷ್ಟೂ ತಪ್ಪಿಲ್ಲ. ಮೊದಲ ದಿನವೇ ಅವಳು ನನಗೆ ಹೇಳಿದ್ಲು, ನಾನೇ ಕೇಳ್ಲಿಲ್ಲ."

ಪೋಸ್ಟ್‌ಮಾಸ್ಟರು ನನ್ನನ್ನೇ ದಿಟ್ಟಿಸಿದರು. ನಾನು ಸೂಟ್‌ಕೇಸು ಡಿಕ್ಕಿಯಲ್ಲಿಟ್ಟದ್ದನ್ನು ಕಂಡಿದ್ದವರು ಖಾಲಿ ಸೀಟನ್ನು ನೋಡಿದರು. ಅವರ ಕಣ್ಣು ತೇವವಾಯಿತು. ನನ್ನ ಹೆಗಲ ಮೇಲೆ ಕೈಯಿಟ್ಟರು.

"ಬಿಟ್ಟುಹೋದ ಹೆಂಡ್ತೀನ ಇಷ್ಟು ವಹಿಸ್ಕೊಂಡು ಮಾತಾಡ್ತೀರಲ್ಲ" ಎಂದರು. "ದೊಡ್ಡ ಮನಸ್ಸು ಕಣ್ರೀ ನಿಮ್ದು."

"ಅಯ್ಯೋ, ಇಲ್ಲ ಸಾರ್, ನಿಜವಾಗ್ಲೂ..."

"ಸಾಕು ಬಿಡಿ, ನನಗೆ ಅರ್ಥ ಆಗತ್ತೆ. ಅವರು ಹೊರಟ ಕೂಡ್ಲೆ ಗಾಡಿ ಸರಿಹೋಯ್ತು, ಅದನ್ನಾದ್ರೂ ನೋಡಿ ಸಮಾಧಾನ ಮಾಡ್ಕೊಳ್ಳಿ."

ದೀಪ ಹಚ್ಚುವ ಹೊತ್ತಿಗೆ ನನ್ನ ದೊಡ್ಡ ಮನಸ್ಸಿನ ಸುದ್ದಿ ಮೂರು ಬೀದಿ ತಲುಪಿತ್ತು. ಅಕ್ಕ ಊಟ ಕಟ್ಟಿಕೊಂಡು ಬಂದು ಕಣ್ಣೊರೆಸಿಕೊಂಡಳು. ಕಾರು ಈಗಲೂ ಚೆನ್ನಾಗಿಯೇ ಇದೆ, ಒಂದು ದಿನವೂ ನಿಂತಿಲ್ಲ. ನಾನು ದಿನಾ ಸಂಜೆ ಐದೂವರೆಗೆ ಅದರಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ, ಬಂದ ಬಸ್ಸುಗಳಿಂದ ಇಳಿಯುವವರನ್ನು ನೋಡಿ ವಾಪಸು ಬರುತ್ತೇನೆ.